ಮಗಳ 100 ಮೀಟರ್ ಒಂದು ವರ್ಷದಿಂದ 13.4ಕ್ಕೇ ನಿಂತಿದೆ, ವೇಟ್ ಎತ್ತಿಸಬೇಕೋ ಬೇಡವೋ?

ತೆಂಗಿನತೋಟ
ಎಲ್ಲರಿಗೂ ನಮಸ್ಕಾರ. ನಾವು ಅರಸೀಕೆರೆ ಕಡೆಯವರು. ತೆಂಗು ಬಿಟ್ಟರೆ ನನಗೆ ಬೇರೇನೂ ಗೊತ್ತಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಮಗಳಿಗೆ 15 ವರ್ಷ, ಒಂಬತ್ತನೇ ಕ್ಲಾಸು. ಹೋದ ವರ್ಷ 100 ಮೀಟರ್‌ನಲ್ಲಿ ತಾಲೂಕಿಗೆ ಫಸ್ಟ್, ಜಿಲ್ಲೆಯಲ್ಲಿ ಐದನೆಯವಳು. ಟೈಮು 13.4. ಅಲ್ಲಿಂದ ಒಂದು ಚೂರೂ ಇಳಿದಿಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು ಶಾಲೆ ಮೈದಾನದಲ್ಲಿ ಹತ್ತು ಸುತ್ತು ಓಡುತ್ತಾಳೆ. ಆಮೇಲೆ 100 ಮೀಟರ್ ಎಂಟು ಸಲ, ನಡುವೆ ಎರಡೆರಡು ನಿಮಿಷ ಬಿಡುವು. ವಾರಕ್ಕೆ ಆರು ದಿನ. ಇಷ್ಟು ಕಷ್ಟಪಟ್ಟರೂ ಯಾಕೆ ಹೀಗೆ?

ಅವಳು ಯೂಟ್ಯೂಬ್ ನೋಡಿ ವೇಟ್ ಎತ್ತುತ್ತೇನೆ ಅನ್ನುತ್ತಾಳೆ. ನಮ್ಮೂರ ಜಿಮ್‌ನವರು "ಹೆಣ್ಣುಮಕ್ಕಳಿಗೆ ಯಾಕೆ ಸಾರ್, ಹೈಟು ನಿಂತುಹೋಗುತ್ತೆ" ಅಂದರು. ಪಿಟಿ ಮೇಷ್ಟ್ರು "ಮೈ ಬಿಗಿಯಾಗಿ ಸ್ಪೀಡು ಹೋಗುತ್ತೆ" ಅಂದರು. ಅವರಮ್ಮ "ಮೊದಲು ಸರಿಯಾಗಿ ಊಟ ಮಾಡಲಿ" ಅನ್ನುತ್ತಾಳೆ. ಯಾರ ಮಾತು ಕೇಳಲಿ?

ಕೆಂಪು_ಟ್ರ್ಯಾಕ್
ಅಮ್ಮನ ಮಾತು ಮೊದಲು ಕೇಳಿ ಸಾರ್. ಉಳಿದದ್ದು ಆಮೇಲೆ.

ನಾನು 100, 200 ಓಡುತ್ತಿದ್ದವನು. ಈಗ ಬೆಂಗಳೂರಿನಲ್ಲಿ ಆಫೀಸು ಮುಗಿಸಿ ಸಂಜೆ ಒಂದಷ್ಟು ಮಕ್ಕಳಿಗೆ ಹೇಳಿಕೊಡುತ್ತೇನೆ. ಮೊದಲು ಒಂದು ಮಾತು. ಆ 13.4 ಕೈ ವಾಚಿನದ್ದಾ? ಹಾಗಿದ್ದರೆ ಅದಕ್ಕೆ 0.24 ಸೇರಿಸಿಕೊಳ್ಳಿ, ಎಲೆಕ್ಟ್ರಾನಿಕ್ ಲೆಕ್ಕದಲ್ಲಿ 13.64 ಆಗುತ್ತದೆ. ಶುರುವಿನಲ್ಲಿ ಗನ್ ಆದ ಮೇಲೆ ನಮ್ಮ ಹೆಬ್ಬೆರಳು ಒತ್ತುವುದು ತಡ. ಕೊನೆಯಲ್ಲಿ ಮಗು ಬರುವುದನ್ನು ನೋಡುತ್ತಲೇ ಇರುತ್ತೇವೆ, ಹಾಗಾಗಿ ಅಲ್ಲಿ ತಡ ಆಗುವುದಿಲ್ಲ. ಆ ವ್ಯತ್ಯಾಸ ನಮ್ಮ ಕಡೆಗೇ ಉಳಿಯುತ್ತದೆ. ಜಿಲ್ಲೆ ದಾಟಿ ಎಲೆಕ್ಟ್ರಾನಿಕ್ ಟೈಮಿಂಗ್ ಇರುವ ಕಡೆ ಓಡಿದಾಗ "ಇವಳು ಸ್ಲೋ ಆಗಿಬಿಟ್ಟಳು" ಅಂತ ಎಷ್ಟೋ ಅಪ್ಪಂದಿರು ಬೇಜಾರಾಗುವುದು ಇದಕ್ಕೇ.

ಇನ್ನು ಟ್ರೈನಿಂಗು. ಎರಡು ನಿಮಿಷ ಬಿಡುವು ಕೊಟ್ಟು ಎಂಟು ಸಲ 100 ಓಡಿಸಿದರೆ ಮೂರನೆಯದರಿಂದಾಚೆಗೆ ಅವಳು 13.4ರಲ್ಲಿ ಓಡುತ್ತಿರುವುದಿಲ್ಲ. 14.5, 15 ಆಗಿರುತ್ತದೆ. ಒಂದು ದಿನ ವಾಚು ಹಿಡಿದು ನೋಡಿ. ವಾರಕ್ಕೆ ಆರು ದಿನ 15 ಸೆಕೆಂಡಿನ ಓಟ ಅಭ್ಯಾಸ ಮಾಡಿದರೆ ಕಾಲು ಕಲಿಯುವುದು ಅದನ್ನೇ ಅಲ್ವಾ? ಪೂರ್ತಿ ವೇಗದಲ್ಲಿ ಓಡುವುದಾದರೆ 10 ಮೀಟರ್‌ಗೆ ಒಂದು ನಿಮಿಷ ಬಿಡುವು ಅನ್ನುವುದು ನಮ್ಮವರ ಲೆಕ್ಕ. 30 ಮೀಟರ್ ಓಡಿದರೆ 3 ನಿಮಿಷ. 60 ಓಡಿದರೆ 6 ನಿಮಿಷ. ನೋಡುವವರಿಗೆ ಸೋಮಾರಿತನ ಅನ್ನಿಸುತ್ತದೆ. ಪರವಾಗಿಲ್ಲ.

ಪಿಟಿ_ಮೇಷ್ಟ್ರು_ನಿವೃತ್ತ
ಬೆಂಗಳೂರಿನ ಸಿಂಥೆಟಿಕ್ ಟ್ರ್ಯಾಕಿನ ಪಕ್ಕ ಕೂತು ಹೇಳುವುದು ಸುಲಭ. ನಾನು 31 ವರ್ಷ ಸರ್ಕಾರಿ ಶಾಲೆಯಲ್ಲಿ ಪಿಟಿ ಮೇಷ್ಟ್ರಾಗಿದ್ದೆ. ಒಂದು ಪೀರಿಯಡ್ಡು 40 ನಿಮಿಷ, ಮಕ್ಕಳು 60, ಚೆಂಡು ಒಂದು. ಒಬ್ಬೊಬ್ಬರಿಗೂ ಆರಾರು ನಿಮಿಷ ಬಿಡುವು ಕೊಟ್ಟರೆ ಉಳಿದವರು ಮಾವಿನ ಮರ ಹತ್ತುತ್ತಾರೆ. ಸುತ್ತು ಓಡಿಸುವುದು ನಮಗೆ ಖುಷಿ ಅಂತಲ್ಲ. ಹಾಗೆ ಓಡಿಸಿದ ಮಕ್ಕಳೇ ರಾಜ್ಯಮಟ್ಟಕ್ಕೂ ಹೋಗಿದ್ದಾರೆ.

ಕೆಂಪು_ಟ್ರ್ಯಾಕ್
ಮೇಷ್ಟ್ರೇ, ತಪ್ಪು ತಿಳಿಯಬೇಡಿ. ನನ್ನನ್ನು ಮೊದಲು ಮೈದಾನಕ್ಕೆ ಇಳಿಸಿದವರೂ ನಿಮ್ಮಂಥ ಮೇಷ್ಟ್ರೇ. ರಾಜ್ಯಮಟ್ಟಕ್ಕೆ ಹೋದವರು ಯಾವ ಓಟದಲ್ಲಿ ಹೋದರು?

ಪಿಟಿ_ಮೇಷ್ಟ್ರು_ನಿವೃತ್ತ
800, 1500. ಒಬ್ಬಳು 400.

ಕೆಂಪು_ಟ್ರ್ಯಾಕ್
ಅದೇ ಸಾರ್. ಆ ಓಟಕ್ಕೆ ಸುತ್ತು ಬೇಕು. ನಮ್ಮ ಅಶ್ವಿನಿ ಅಕ್ಕುಂಜಿ, ಪೂವಮ್ಮ ಇಬ್ಬರೂ 400ರವರು. ಅಶ್ವಿನಿ 2010ರ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್‌ಗೂ ರಿಲೇಗೂ ಚಿನ್ನ ತಂದರು. ಆ ಓಟದ ಕೊನೆಯ ನೂರು ಮೀಟರ್ ದಮ್ಮಿನ ಆಟ. 100 ಮೀಟರ್ ಬೇರೆ ಜಾತಿ. ಅಲ್ಲಿ ದಮ್ಮು ಖಾಲಿಯಾಗುವ ಮೊದಲೇ ಓಟ ಮುಗಿದಿರುತ್ತದೆ.

ಕುಡ್ಲದ_ಕೋಣ
ಇಷ್ಟೆಲ್ಲ ಯಾಕೆ ಮಾರಾಯ್ರೇ, ನಮ್ಮ ಕಂಬಳಕ್ಕೆ ಬನ್ನಿ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡ 142.5 ಮೀಟರ್ 13.62 ಸೆಕೆಂಡಿನಲ್ಲಿ ಓಡಿದರು. 100ಕ್ಕೆ ಲೆಕ್ಕ ಹಾಕಿದರೆ 9.55. ಬೋಲ್ಟ್‌ನದು 9.58. ಕೆಸರಿನಲ್ಲಿ, ಬರಿಗಾಲಿನಲ್ಲಿ! ಯಾವ ಜಿಮ್ಮೂ ಇಲ್ಲ, ಯಾವ ಡೆಡ್‌ಲಿಫ್ಟೂ ಇಲ್ಲ.

ಕೆಂಪು_ಟ್ರ್ಯಾಕ್
ಇದು ಬಂದೇ ಬರುತ್ತದೆ ಅಂತ ಕಾಯುತ್ತಿದ್ದೆ. ಮುಂದೆ ಎರಡು ಕೋಣ ಕಟ್ಟಿದರೆ ನಾನೂ ಹಳೇ ಟೈಮ್ ಮುಟ್ಟುತ್ತೇನೆ. ತಮಾಷೆ ಬಿಡಿ, ಆ ಶ್ರೇಯಸ್ಸು ಕೋಣಗಳದ್ದು ಅಂತ ಅವರೇ ಹೇಳಿದರು. ಕೇಂದ್ರದ ಕ್ರೀಡಾ ಪ್ರಾಧಿಕಾರ ಸಾಯ್‌ನಿಂದ ಟ್ರಯಲ್ಸ್‌ಗೆ ಕರೆ ಬಂದಾಗಲೂ ಕಂಬಳದ ಓಟ ಬೇರೆ, ಟ್ರ್ಯಾಕ್ ಬೇರೆ ಅಂದರು. ಅಲ್ಲಿ ಹಿಮ್ಮಡಿ, ಇಲ್ಲಿ ಮುಂಗಾಲು. ನನಗಂತೂ ಅವರ ಆ ಮಾತು ಯಾವ ಟೈಮಿಗಿಂತಲೂ ದೊಡ್ಡದು ಅನ್ನಿಸಿತು.

ಆದರೆ ಕಂಬಳದಲ್ಲಿ ಕಲಿಯುವುದು ಇದೆ. ಅಷ್ಟು ಜೋರಾಗಿ ಎಳೆಯುವಾಗ ಬೀಳದೆ ಓಡಬೇಕಾದರೆ ಪ್ರತಿ ಹೆಜ್ಜೆಯಲ್ಲೂ ಮೈಭಾರ ಹೊತ್ತು ನೆಲವನ್ನು ಹಿಂದಕ್ಕೆ ತಳ್ಳಬೇಕು. ಕಣಕಾಲು, ಮೀನಖಂಡ, ಸೊಂಟ ಎಲ್ಲ ಗಟ್ಟಿ ಇರಲೇಬೇಕು. ಜಿಮ್ ಇಲ್ಲ ಅಂದರೆ ಶಕ್ತಿಯ ಅಭ್ಯಾಸ ಇಲ್ಲ ಅಂತಲ್ಲ. ಶ್ರೀನಿವಾಸ ಗೌಡ ಕಟ್ಟಡ ಕೆಲಸ ಮಾಡುತ್ತಿದ್ದವರು. ದಿನವಿಡೀ ಹೊರುವುದೇ ಕೆಲಸ.

ತೆಂಗಿನತೋಟ
ನನ್ನ ಪ್ರಶ್ನೆ ಅಲ್ಲೇ ಇದೆ. ಶಕ್ತಿಗೂ ಸ್ಪೀಡಿಗೂ ಏನು ಸಂಬಂಧ? ಕಾಯಿ ಕೀಳುವ ನಮ್ಮ ಆಳು 80 ಕೆಜಿ ಮೂಟೆ ಹೊರುತ್ತಾನೆ. ಓಡು ಅಂದರೆ ಬಸ್ಸು ಹಿಡಿಯಲೂ ಆಗುವುದಿಲ್ಲ.

ಕೆಂಪು_ಟ್ರ್ಯಾಕ್
ಒಳ್ಳೇ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಜೋರಾಗಿ ಓಡುವವರು ಕಾಲನ್ನು ಬೇಗ ಬೇಗ ಆಡಿಸುತ್ತಾರೆ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. 2000ದಲ್ಲಿ ಅಮೆರಿಕದಲ್ಲಿ ಪೀಟರ್ ವೇಯಾಂಡ್ ಮತ್ತು ಜೊತೆಗಾರರು ಬೇರೆ ಬೇರೆ ವೇಗದ ಜನರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ ಅಳೆದರು. ಪೂರ್ತಿ ವೇಗದಲ್ಲಿ ಕಾಲನ್ನು ಗಾಳಿಯಲ್ಲಿ ಮುಂದಕ್ಕೆ ತರುವುದಕ್ಕೆ ಎಲ್ಲರಿಗೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು ಬೇಕಾಗುತ್ತಿತ್ತು. ವ್ಯತ್ಯಾಸ ಇದ್ದದ್ದು ನೆಲಕ್ಕೆ ಕೊಡುವ ಒದೆತದಲ್ಲಿ. ವೇಗದವರು ಮೈತೂಕಕ್ಕೆ ಹೋಲಿಸಿದರೆ ಜಾಸ್ತಿ ಜೋರಾಗಿ ಒದೆಯುತ್ತಿದ್ದರು. ಬರ್ಲಿನ್‌ನಲ್ಲಿ 2009ರಲ್ಲಿ ಬೋಲ್ಟ್ 100 ಮೀಟರ್ ಮುಗಿಸಿದ್ದು ಸುಮಾರು 41 ಹೆಜ್ಜೆಯಲ್ಲಿ. ನಿಮ್ಮ ಮಗಳು 50ರ ಮೇಲೆ ಇಡುತ್ತಿರಬಹುದು, ಎಣಿಸಿ ನೋಡಿ.

ಈಗ ನಿಮ್ಮ ಕಾಯಿ ಕೀಳುವವನ ಕಥೆ. ಅವನಿಗೆ ಶಕ್ತಿ ಇದೆ, ಆದರೆ ಮೂಟೆ ಎತ್ತುವುದಕ್ಕೆ ಅವನ ಹತ್ತಿರ ಎರಡು ಸೆಕೆಂಡು ಇದೆ. ಓಟಗಾರನ ಕಾಲು ಪೂರ್ತಿ ವೇಗದಲ್ಲಿ ನೆಲದ ಮೇಲೆ ಇರುವುದು 0.1 ಸೆಕೆಂಡಿನ ಆಸುಪಾಸು. ದೊಡ್ಡ ಓಟಗಾರರದ್ದು ಅದಕ್ಕಿಂತ ಕಡಿಮೆ. ಒಬ್ಬ ಮನುಷ್ಯ ತನ್ನ ಪೂರ್ತಿ ಬಲ ಹೊರಗೆ ಹಾಕುವುದಕ್ಕೆ ಅದರ ಮೂರು ಪಟ್ಟಾದರೂ ಹೊತ್ತು ಬೇಕು. ಹಾಗಾಗಿ ಎರಡು ಕೆಲಸ. ವೇಟ್‌ನಿಂದ ಬಲದ ಮಡಕೆ ದೊಡ್ಡದು ಮಾಡಬೇಕು. ನೆಗೆತ, ಸ್ಪ್ರಿಂಟ್‌ಗಳಿಂದ ಆ ಮಡಕೆಯನ್ನು ಗಬಕ್ಕನೆ ಬಗ್ಗಿಸುವುದು ಕಲಿಯಬೇಕು. ಮೊದಲನೆಯದು ಮಾತ್ರ ಮಾಡಿದರೆ ಮೂಟೆ ಹೊರುವವನಾಗುತ್ತಾನೆ. ಎರಡನೆಯದು ಮಾತ್ರ ಮಾಡಿದರೆ ಒಂದು ಹಂತಕ್ಕೆ ನಿಂತುಹೋಗುತ್ತದೆ, ನಿಮ್ಮ ಮಗಳ ಹಾಗೆ.

ವೇಟ್ ಎತ್ತಿದರೆ ಸ್ಪೀಡು ಹೋಗುತ್ತದೆ ಅನ್ನುವವರಿಗೆ ಅಮೆರಿಕದ ಓಟಗಾರ್ತಿ ಅಲಿಸನ್ ಫೆಲಿಕ್ಸ್ ಕಥೆ ಹೇಳಿ. ಹೈಸ್ಕೂಲಿನಲ್ಲಿದ್ದಾಗಲೇ ಡೆಡ್‌ಲಿಫ್ಟ್‌ನಲ್ಲಿ, ಅಂದರೆ ನೆಲದ ಮೇಲಿನ ಬಾರ್ ಹಿಡಿದು ನೆಟ್ಟಗೆ ಏಳುವುದರಲ್ಲಿ, ಸುಮಾರು 120 ಕೆಜಿ ಎತ್ತುತ್ತಿದ್ದರು, ಮೈತೂಕದ ಎರಡರಷ್ಟು. ಕಾಲು ನೋಡಿದರೆ ಕಡ್ಡಿ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಚಿನ್ನ.

ಮಟ್ಟಿ_ಮಣ್ಣು
ಧಾರವಾಡದಿಂದ ನಮಸ್ಕಾರ್ರೀ. ನಮ್ಮ ಅಜ್ಜ, ಅಪ್ಪ ಇಬ್ಬರೂ ಗರಡಿಯವರು. ಬಸ್ಕಿ ಒಂದು ಸಾವಿರ ಹೊಡೆಯುತ್ತಿದ್ದರು. ಯಾವ ಬಾರ್‌ಬೆಲ್ ಕಂಡಿದ್ದರು? ಹುಡುಗಿಗೆ ದಿನಾ 200 ಬಸ್ಕಿ, 50 ದಂಡ ಹಚ್ಚಿರಿ. ಆರು ತಿಂಗಳಲ್ಲಿ ನೋಡ್ರಿ.

ಕೆಂಪು_ಟ್ರ್ಯಾಕ್
ಅಣ್ಣಾ, ಸಾವಿರ ಬಸ್ಕಿ ಹೊಡೆಯಬಲ್ಲೆ ಅಂದರೆ ಒಂದೊಂದು ಬಸ್ಕಿಯೂ ಹಗುರ ಅಂತಲೇ ಅರ್ಥ. ಅದು ಕುಸ್ತಿಗೆ ಸರಿ, ಅಲ್ಲಿ ನಿಮಿಷಗಟ್ಟಲೆ ಹಿಡಿದು ನಿಲ್ಲಬೇಕು. ಆದರೆ ನಿಮ್ಮ ಕಡೆ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುತ್ತಾರಲ್ಲ, ಅದು ನೋಡಿ. ಭಾರ ಜಾಸ್ತಿ, ಒಂದೇ ಸಲ, ಎತ್ತಿ ಹೆಗಲ ಹಿಂದಕ್ಕೆ ಎಸೆಯುವುದು. ನಾವು ಜಿಮ್‌ನಲ್ಲಿ ಡೆಡ್‌ಲಿಫ್ಟು, ಕ್ಲೀನು (ನೆಲದಿಂದ ಹೆಗಲಿಗೆ ಎತ್ತುವುದು) ಅಂತ ಕರೆಯುವುದು ಇದೇ ಸಂಗ್ರಾಣಿ ಕಲ್ಲನ್ನೇ.

ಮಟ್ಟಿ_ಮಣ್ಣು
ಇದು ಒಪ್ಪಬೇಕಾದ ಮಾತು. ಕಲ್ಲು ಎತ್ತೋರು ಹಿಂದಿನ ದಿನ ಬಸ್ಕಿ ಹೊಡೆಯೋದಿಲ್ಲ. ಮಲಗಿಬಿಡುತ್ತಾರೆ.

ಅರ್ಧಕ್ಕೆ_ನಿಂತವನು
ಹಿಂದಿನ ದಿನದ ಮಾತು ಬಂತು, ನನ್ನದೂ ಹೇಳಿಬಿಡುತ್ತೇನೆ. ಡಿಗ್ರಿ ಎರಡನೇ ವರ್ಷ. ಯೂನಿವರ್ಸಿಟಿ ಸೆಲೆಕ್ಷನ್ ಶನಿವಾರ. ನಮ್ಮ ಆಗಿನ ಕೋಚು ಶುಕ್ರವಾರ ಸಂಜೆ ಜಿಮ್‌ಗೆ ಕರೆದುಕೊಂಡು ಹೋಗಿ ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಬಸ್ಕಿ) ಹಾಕಿಸಿದರು, ಐದು ಸೆಟ್ಟು, ಕೊನೆಯಲ್ಲಿ ಇಬ್ಬರು ಹಿಡಿದು ಎಬ್ಬಿಸಿದರು. "ಕಾಲು ಸ್ಟ್ರಾಂಗ್ ಆಗಿರಲಿ ನಾಳೆಗೆ" ಅಂದರು. ಮಾರನೇ ದಿನ 60 ಮೀಟರ್‌ವರೆಗೂ ನಾನೇ ಮುಂದೆ. ಆಮೇಲೆ ತೊಡೆಯ ಹಿಂದೆ ಯಾರೋ ಕಲ್ಲು ಹೊಡೆದ ಹಾಗಾಯಿತು. ನಿಜಕ್ಕೂ ಹಿಂದೆ ತಿರುಗಿ ನೋಡಿದೆ, ಯಾರು ಹೊಡೆದರು ಅಂತ. ಎರಡು ಹೆಜ್ಜೆ ಕುಂಟಿ ಬಿದ್ದೆ. ಮೂರು ದಿನಕ್ಕೆ ತೊಡೆಯಿಂದ ಮಂಡಿ ಹಿಂದಿನವರೆಗೂ ಬದನೆಕಾಯಿ ಬಣ್ಣ. ಆರು ವಾರ ಅಂದರು, ನಾನು ಮೂರು ವಾರಕ್ಕೇ ಓಡಿದೆ, ಮತ್ತೆ ಹರಿಯಿತು. ಅಲ್ಲಿಗೆ ಮುಗಿಯಿತು ನನ್ನ ಓಟ. ವೇಟ್ ತಪ್ಪಲ್ಲ ಸಾರ್, ಹಾಕಿಸಿದ ದಿನ ತಪ್ಪು. ಮೂರನೇ ವಾರದ ತಪ್ಪು ನನ್ನದೇ.

ಫಿಸಿಯೋ_ಅಕ್ಕ
ಮೇಲಿನ ತಮ್ಮನ ಹಾಗೆ ಬರುವವರನ್ನು ನಾನು ತಿಂಗಳಿಗೆ ಮೂರ್ನಾಲ್ಕು ಜನ ನೋಡುತ್ತೇನೆ. ಪೂರ್ತಿ ವೇಗದಲ್ಲಿ ಕಾಲು ಮುಂದೆ ಚಾಚಿ ನೆಲಕ್ಕೆ ಬರುವ ಮುಂಚಿನ ಕ್ಷಣದಲ್ಲಿ ತೊಡೆಯ ಹಿಂಭಾಗದ ಸ್ನಾಯು ಉದ್ದ ಆಗುತ್ತಲೇ ಬ್ರೇಕ್ ಹಾಕಬೇಕು. ಹರಿಯುವುದು ಸಾಮಾನ್ಯವಾಗಿ ಆಗಲೇ. ಇದಕ್ಕೆ ನಾರ್ಡಿಕ್ ಅಂತ ಒಂದು ವ್ಯಾಯಾಮ ಇದೆ. ಮಂಡಿ ಊರಿ ಕೂತು, ಹಿಂದಿನಿಂದ ಒಬ್ಬರು ಕಣಕಾಲು ಒತ್ತಿ ಹಿಡಿದಿರಬೇಕು. ಮಂಡಿಯಿಂದ ತಲೆಯವರೆಗೆ ನೆಟ್ಟಗೆ ಇಟ್ಟು ನಿಧಾನವಾಗಿ ಮುಂದಕ್ಕೆ ಬಾಗುವುದು, ಇನ್ನು ಆಗುವುದಿಲ್ಲ ಅನ್ನಿಸಿದಾಗ ಕೈ ಊರುವುದು. ಫುಟ್‌ಬಾಲ್ ಆಡುವವರಲ್ಲಿ ಇದರಿಂದ ಈ ಗಾಯ ಅರ್ಧಕ್ಕೆ ಅರ್ಧ ಕಡಿಮೆ ಆಗಿದೆ. ಮೊದಲ ವಾರ ಐದೈದರ ಎರಡು ಸೆಟ್ಟು ಸಾಕು. ಜಾಸ್ತಿ ಮಾಡಿದರೆ ಮೂರು ದಿನ ಮೆಟ್ಟಿಲು ಇಳಿಯುವುದಕ್ಕೂ ಆಗುವುದಿಲ್ಲ.

ಹೈಟು ನಿಲ್ಲುತ್ತದೆ ಅನ್ನುವುದು ಸುಳ್ಳು. ಗೊತ್ತಿರುವವರು ಪಕ್ಕದಲ್ಲಿದ್ದು, ಹಗುರದಿಂದ ಶುರು ಮಾಡಿಸಿದರೆ ಹದಿಹರೆಯದವರು ಧಾರಾಳವಾಗಿ ವೇಟ್ ಎತ್ತಬಹುದು. ಮರದಿಂದ ಜಿಗಿಯುವಾಗ ಮಗುವಿನ ಮೂಳೆಗೆ ಬೀಳುವ ಭಾರ ಹತ್ತು ಕೆಜಿ ಸ್ಕ್ವಾಟ್‌ಗಿಂತ ಎಷ್ಟೋ ಜಾಸ್ತಿ.

ಅಣ್ಣ, ನೀವು ಬೇಜಾರು ಮಾಡಿಕೊಳ್ಳಬಾರದು, ಎರಡು ಪ್ರಶ್ನೆ ಕೇಳುತ್ತೇನೆ. ಅವಳಿಗೆ ಮುಟ್ಟು ತಿಂಗಳು ತಿಂಗಳು ಸರಿಯಾಗಿ ಆಗುತ್ತಿದೆಯಾ? ರಕ್ತ ಪರೀಕ್ಷೆ ಮಾಡಿಸಿದ್ದೀರಾ? ಬೆಳೆಯುವ ಹುಡುಗಿ, ವಾರಕ್ಕೆ ಆರು ದಿನ ಓಟ, ಬೆಳಿಗ್ಗೆ ಬರೀ ಹೊಟ್ಟೆ. ಒಂದು ವರ್ಷ ಟೈಮ್ ಇಳಿದಿಲ್ಲ ಅಂದರೆ ನಾನು ಮೊದಲು ನೋಡುವುದು ಹಿಮೋಗ್ಲೋಬಿನ್. ಅವರಮ್ಮನ ಹತ್ತಿರ ಕೇಳಿಸಿ.

ತೆಂಗಿನತೋಟ
ಬೇಜಾರು ಏನಿಲ್ಲ ತಾಯಿ. ಕೇಳಿಸಿದೆ, ಪರೀಕ್ಷೆಯನ್ನೂ ಮಾಡಿಸಿದೆ. ಹಿಮೋಗ್ಲೋಬಿನ್ 9.8. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಅವರಮ್ಮ ನನ್ನ ಮುಖ ನೋಡಿದ ರೀತಿ ಇಲ್ಲಿ ಬರೆಯುವ ಹಾಗಿಲ್ಲ.

ಫಿಸಿಯೋ_ಅಕ್ಕ
ಹಾಗಾದರೆ ಮೊದಲ ಒಂದು ತಿಂಗಳು ಓಟ ಅರ್ಧ ಮಾಡಿ. ಊಟದ ಜೊತೆ, ಊಟ ಆದ ತಕ್ಷಣ ಕಾಫಿ ಟೀ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿ. ಮುದ್ದೆ ಇರಲಿ, ಆದರೆ ಮುದ್ದೆಯೇ ಪ್ರೋಟೀನ್ ಅಂದುಕೊಳ್ಳಬೇಡಿ. ಜೊತೆಗೆ ಹುರುಳಿ ಕಟ್ಟು, ಕಾಳುಪಲ್ಯ, ಮೊಟ್ಟೆ, ಮೊಸರು. ಹುರುಳಿಯಲ್ಲಿ 100 ಗ್ರಾಂಗೆ 22 ಗ್ರಾಂ ಆಸುಪಾಸು ಪ್ರೋಟೀನ್ ಇದೆ. ಜಿಮ್‌ನವರು ಕೊಡುವ ಲೇಬಲ್ ಅರ್ಧ ಕಿತ್ತ ಡಬ್ಬ ಮಾತ್ರ ಮನೆಗೆ ತರಬೇಡಿ. ಮುಂದೆ ದೊಡ್ಡ ಮೀಟ್‌ನಲ್ಲಿ ಡೋಪ್ ಪರೀಕ್ಷೆ ಆದಾಗ "ನನಗೆ ಗೊತ್ತಿರಲಿಲ್ಲ" ಅಂದರೆ ನಡೆಯುವುದಿಲ್ಲ.

ಕೆಂಪು_ಟ್ರ್ಯಾಕ್
ಅಕ್ಕ, ನಾನು ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಅದು. ವಾಚಿನ ಬಗ್ಗೆ ಭಾಷಣ ಮಾಡಿಬಿಟ್ಟೆ.

ತಿಂಗಳು ಕಳೆದ ಮೇಲೆ ಹೀಗೆ ಮಾಡಿ ಸಾರ್. ವಾರಕ್ಕೆ ಮೂರು ದಿನ ಮಾತ್ರ ಜೋರು. ಸೋಮವಾರ ನಿಂತಲ್ಲಿಂದ 20, 30 ಮೀಟರ್ ಆರು ಸಲ, ಪೂರ್ತಿ ಬಿಡುವು. ಅದಾದ ಮೇಲೆ ವೇಟ್, ಮೊದಲಲ್ಲ. ದಣಿದ ಕಾಲಿನಲ್ಲಿ ಸ್ಪ್ರಿಂಟ್ ಮಾಡಿಸುವುದೇ ಬೇಡ. ಬುಧವಾರ 25 ಮೀಟರ್ ಓಡಿಬಂದು ವೇಗ ಹಿಡಿದು, ಮುಂದಿನ 20 ಮೀಟರ್ ಮಾತ್ರ ಪೂರ್ತಿ ಬಿಡುವುದು, ನಾಲ್ಕೇ ಸಲ. ಇದರ ಟೈಮ್ ಬರೆದಿಡಿ, 100ರದ್ದಲ್ಲ. ಶುಕ್ರವಾರ ಸೊಂಟಕ್ಕೆ ಹಗ್ಗ ಕಟ್ಟಿ ಸ್ಕೂಟರ್ ಟೈರ್ ಎಳೆಯುವುದು, 20 ಮೀಟರ್ ಐದು ಸಲ. ಓಟದ ಆಕಾರ ಕೆಟ್ಟರೆ ಭಾರ ಜಾಸ್ತಿ ಆಯಿತು ಅಂತ. ಆಮೇಲೆ ಮತ್ತೆ ವೇಟ್.

ವೇಟ್ ಅಂದರೆ ಮೊದಲು ಹತ್ತು ಕೆಜಿ ಅಕ್ಕಿ ಚೀಲ ಎದೆಗೆ ಅಪ್ಪಿಕೊಂಡು ಬಸ್ಕಿ. ಹಿಮ್ಮಡಿ ಏಳಬಾರದು, ಬೆನ್ನು ಗೂನಾಗಬಾರದು. ಐದರ ಮೂರು ಸೆಟ್ಟು. ಇನ್ನೆರಡು ಎತ್ತಬಹುದಿತ್ತು ಅನ್ನಿಸುವಾಗ ನಿಲ್ಲಿಸಿ. ಇಳಿದು ಏಳುವುದು ನೀಟಾಗಿ ಬಂದ ಮೇಲೆ ಬಾರ್. ಮಿಕ್ಕ ದಿನ ಹಗ್ಗದಾಟ, ಕುಂಟಾಬಿಲ್ಲೆ. ತಮಾಷೆಯಲ್ಲ, ಕುಂಟಾಬಿಲ್ಲೆಗಿಂತ ಒಳ್ಳೇ ಕಣಕಾಲಿನ ನೆಗೆತ ನನಗೆ ಗೊತ್ತಿಲ್ಲ.

ಪಿಟಿ_ಮೇಷ್ಟ್ರು_ನಿವೃತ್ತ
ಕುಂಟಾಬಿಲ್ಲೆ ಆಡಿದ್ದಕ್ಕೆ ನಾನು ಹುಡುಗಿಯರಿಗೆ ಬೈದಿದ್ದೇನೆ. ಈಗ ಏನು ಹೇಳಲಿ.

ತೆಂಗಿನತೋಟ
ಮೂರು ತಿಂಗಳ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು, ಕೊಬ್ಬರಿ ಸೀಸನ್ನು.

ಹಿಮೋಗ್ಲೋಬಿನ್ 11.9ಕ್ಕೆ ಬಂದಿದೆ. ನಾರ್ಡಿಕ್‌ಗೆ ಅವರಮ್ಮ ಕಾಲು ಹಿಡಿದು ಕೂರುತ್ತಾಳೆ, ಸೀರಿಯಲ್ ನಡುವೆ ಜಾಹೀರಾತು ಬಂದಾಗ. ಮಂಡಿ ಕೆಳಗೆ ಗೋಣಿಚೀಲ ಮಡಚಿ ಹಾಕುತ್ತೇವೆ. ಮೊದಮೊದಲು ದೊಪ್ಪೆಂದು ಬೀಳುತ್ತಿದ್ದಳು. ಈಗ ಅರ್ಧದವರೆಗೆ ತಡೆದು ಹಿಡಿಯುತ್ತಾಳೆ.

ನೀವು ನೆಲದ ಮೇಲೆ ಕಾಲು ಇರುವ ಹೊತ್ತು ಅಂದಿರಲ್ಲ, ಅದನ್ನು ನೋಡಬೇಕು ಅನ್ನಿಸಿತು. ಅವಳ ಅಣ್ಣನ ಫೋನಿನಲ್ಲಿ ಸೆಕೆಂಡಿಗೆ 240 ಚಿತ್ರ ಹಿಡಿಯುವ ಸ್ಲೋ ಮೋಷನ್ ಇದೆ. ಮೈದಾನದಲ್ಲಿ ರಂಗೋಲಿ ಪುಡಿಯಲ್ಲಿ ಎರಡು ಗೆರೆ ಎಳೆದು, ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ಹಿಡಿದೆವು. ರಾತ್ರಿ ಮೂವರೂ ಕೂತು ಒಂದೊಂದೇ ಚಿತ್ರ ಸರಿಸಿ ಎಣಿಸಿದೆವು. ಬೆರಳು ನೆಲ ಮುಟ್ಟಿದಲ್ಲಿಂದ ಬಿಡುವವರೆಗೆ 31 ಚಿತ್ರ. ಅಂದರೆ 0.129 ಸೆಕೆಂಡು. ಹೋದ ವಾರ ಮತ್ತೆ ಹಿಡಿದೆವು, 29. ಎರಡೇ ಚಿತ್ರ ಕಡಿಮೆ. ಅದಕ್ಕೆ ಅವಳು ಮನೆ ತುಂಬ ಕುಣಿದಳು.

20 ಮೀಟರ್ ಟೈಮು 2.52 ಇದ್ದದ್ದು 2.43. ನಿಂತಲ್ಲಿಂದ ಉದ್ದ ನೆಗೆತ 1.84 ಇತ್ತು, ಈಗ 1.98. 100 ಮೀಟರ್ ಓಡಿಸಿಲ್ಲ, ನೀವು ಬೇಡ ಅಂದಿದ್ದಿರಿ.

ಕೆಂಪು_ಟ್ರ್ಯಾಕ್
ಎರಡು ಚಿತ್ರ ಅಂದರೆ ಅಳತೆಯಲ್ಲಿ ಒಂದು ಚಿತ್ರ ಹೆಚ್ಚು ಕಡಿಮೆ ಇರಬಹುದು, ಅದನ್ನು ಬಹಳ ನಂಬಬೇಡಿ. ಆದರೆ 2.43 ಮತ್ತು ನೆಗೆತ ಎರಡೂ ಒಟ್ಟಿಗೆ ಅದನ್ನೇ ಹೇಳುತ್ತಿವೆ. ಇದರಲ್ಲಿ ಅರ್ಧ ಕಬ್ಬಿಣದ ಮಾತ್ರೆಯದ್ದು, ಅಕ್ಕನಿಗೆ ಥ್ಯಾಂಕ್ಸ್ ಹೇಳಿ. ಇನ್ನೊಂದು ಮಾತು, ಅವಳಿಗೂ ಹೇಳಿ. ಪುರುಷರ 100 ಮೀಟರ್ ರಾಷ್ಟ್ರೀಯ ದಾಖಲೆ 2023ರ ಅಕ್ಟೋಬರ್‌ನಲ್ಲಿ ನಮ್ಮ ಮಣಿಕಂಠ ಹೋಬಳಿದಾರ್ ಬೆಂಗಳೂರಿನಲ್ಲಿ ಓಡಿದ 10.23 ಆಗಿತ್ತು. 2025ರ ಮಾರ್ಚ್‌ನಲ್ಲಿ ಗುರಿಂದರ್‌ವೀರ್ ಸಿಂಗ್ 10.20. ಜುಲೈನಲ್ಲಿ ಗ್ರೀಸ್‌ನಲ್ಲಿ ಅನಿಮೇಶ್ ಕುಜೂರ್ 10.18. ದೇಶದ ಆಗಿನ ಅತಿ ವೇಗದ ಮೂರು ಜನ ಒಂದೂವರೆ ವರ್ಷಕ್ಕೂ ಮೀರಿ ಕಿತ್ತಾಡಿ ಇಳಿಸಿದ್ದು 0.05. ನಿಮ್ಮ ಹುಡುಗಿ 20 ಮೀಟರ್‌ನಲ್ಲೇ 0.09 ಇಳಿಸಿದ್ದಾಳೆ. ಈ ವಯಸ್ಸಿನಲ್ಲಿ ಮಾತ್ರ ಸಿಗುವ ಲಾಟರಿ ಇದು. ಮೀಟ್ ಯಾವಾಗ?

ತೆಂಗಿನತೋಟ
ತಾಲೂಕು ಮೀಟ್ ಇದೇ ಗುರುವಾರ ಇತ್ತು, ಮಳೆಗೆ ಮೈದಾನ ಕೆರೆಯಾಗಿ ಮುಂದಿನ ವಾರಕ್ಕೆ ಹೋಗಿದೆ. ವೇಟ್ ಎಂದಿನವರೆಗೆ ಮಾಡಿಸಲಿ? ಮತ್ತೆ ಸ್ಪೈಕ್ಸ್ (ಅಡಿಯಲ್ಲಿ ಪಿನ್ನು ಇರುವ ಓಟದ ಶೂ) ಹೊಸದು ತಂದಿದ್ದೇನೆ. ಪಿನ್ನು ಎಷ್ಟು ಉದ್ದದ್ದು ಹಾಕಲಿ? ಒದ್ದೆ ಮಣ್ಣು.

ಅರ್ಧಕ್ಕೆ_ನಿಂತವನು
ಭಾರದ ವೇಟ್ ಮೀಟ್‌ಗೆ ಐದು ದಿನ ಮುಂಚೆಯೇ ನಿಲ್ಲಿಸಿ ಸಾರ್. ದಯವಿಟ್ಟು. ಹಿಂದಿನ ದಿನ ಸುಮ್ನೆ ನಾಲ್ಕು ಹಗುರ ಓಟ, ಅಷ್ಟೇ.

ಕೆಂಪು_ಟ್ರ್ಯಾಕ್
ಸಿಂಥೆಟಿಕ್‌ಗೆ 9 ಎಂಎಂ ಮೀರುವ ಹಾಗಿಲ್ಲ, 6 ಸಾಕು. ಒದ್ದೆ ಮಣ್ಣಿಗೆ 9 ಹಾಕಿ, ತೀರಾ ಜಾರಿದರೆ 12. ಹೊಸ ಸ್ಪೈಕ್ಸ್ ಅಂದೇ ಮೊದಲ ಸಲ ಹಾಕಿಸಬೇಡಿ, ಈ ವಾರ ಎರಡು ದಿನ ಅದರಲ್ಲೇ 20 ಮೀಟರ್ ಓಡಿಸಿ. ಪಿನ್ ತಿರುಗಿಸುವ ಕೀ ಜೇಬಿನಲ್ಲೇ ಇರಲಿ.

ತೆಂಗಿನತೋಟ
ಕೀ ಆಗಲೇ ಕಳೆದುಹೋಗಿದೆ ಸಾರ್. ಪಂಪ್‌ಸೆಟ್ಟಿನ ಸ್ಪ್ಯಾನರಿನಲ್ಲಿ ತಿರುಗುತ್ತಾ ನೋಡುತ್ತೇನೆ.